ಖಾರ ಮೊದಲು

ನಿಮ್ಮಲ್ಲಿ ಖಾರವೆಂದರೆ ನಾಲಿಗೆಯ ಉರಿಯಂತೆ.
ನಮ್ಮ ಗುವಾಹಾಟಿಯಲ್ಲಿ ಅದು ಬೂದಿ.
ಬಾಳೆಹಣ್ಣಿನ ಸಿಪ್ಪೆ ಒಣಗಿಸಿ, ಸುಟ್ಟು, ನೀರಲ್ಲಿ ಸೋಸಿ
ಆ ನೀರಲ್ಲಿ ಪಪ್ಪಾಯ ಬೇಯಿಸಿದರೆ ಖಾರ.
ಊಟ ಅಲ್ಲಿಂದ ಶುರು, ಹುಳಿಯಲ್ಲಿ ಮುಗಿಯಬೇಕು,
ನಡುವೆ ಏನು ಬಂದರೂ ಎಲೆ ಬಿಟ್ಟು ಏಳಬಾರದು
ಎಂದು ಅಜ್ಜಿ ಹೇಳುತ್ತಿದ್ದದ್ದು
ಊಟಕ್ಕೋ, ಬೇರೆಯದಕ್ಕೋ,
ನನಗಿನ್ನೂ ಗೊತ್ತಾಗಿಲ್ಲ.

ಗಣೇಶಗುರಿಯ ಮೇಲ್ಸೇತುವೆ ಪಕ್ಕ
ಔಷಧಿ ಅಂಗಡಿಯ ಮಹಡಿಯಲ್ಲಿ ಮಿಸಿಂಗ್ ಹೋಟೆಲು.
ಆರಿಸಿದ್ದು ಅಣ್ಣ ದೀಪ್ತಿಮಾನ್:
ಯಾರ ಮನೆಯೂ ಬೇಡ, ಪಕ್ಕದಲ್ಲಿ
ಯಾರ ದೇವರ ಕೋಣೆಯೂ ಬೇಡ.
ತರುಲತಾಳ ಮನೆಯವರು ಧೇಮಾಜಿಯಿಂದ
ರಾತ್ರಿಯೆಲ್ಲ ಬಸ್ಸಲ್ಲಿ ಕುಲುಕಿ ಬಂದಿದ್ದರು, ಐದು ಜನ.
ನಾವು ಗೋಸ್ವಾಮಿಗಳು ಏಳು,
ಜೊತೆಗೆ ಕಾರು ತಂದ ಗೆಳೆಯ ಮೊಫಿದುಲ್.

ಹಂದಿಮಾಂಸ, ಸಾಸಿವೆ ಸೊಪ್ಪು ಮೇಜಿನ ಆ ತುದಿಗೆ.
ಅಮ್ಮ ಮತ್ತು ಮೊಫಿದುಲ್ ಈ ತುದಿಗೆ.
ಹುಟ್ಟಿದಾಗಿನಿಂದ ಮೊದಲ ಸಲ
ಅವರಿಬ್ಬರದು ಒಂದೇ ಪಕ್ಷ.

ಎಲೆಯಲ್ಲಿ ಕಟ್ಟಿ ಬೇಯಿಸಿದ ಪುರಾಂಗ್ ಅನ್ನ ಬಂತು.
ಅಮ್ಮ ರಿಜಿಸ್ಟರ್ಡ್ ಪೋಸ್ಟ್ ಬಿಚ್ಚುವ ಹಾಗೆ
ಒಂದೊಂದೇ ಮಡಿಕೆ ಬಿಡಿಸಿದಳು.
ಅಕ್ಕಿಯ ಬಿಯರಿನ ಲೋಟ ನೋಡಿ ಚಿಕ್ಕಮ್ಮ
ಫ್ಯಾನು ಎಷ್ಟು ವರ್ಷ ಹಳೆಯದೆಂದು ಕೇಳಿದಳು.
ಯಾರೂ ಉತ್ತರಿಸಲಿಲ್ಲ.

ಆಮೇಲೆ ಆ ಪುಟ್ಟ ಬಟ್ಟಲು.
ನಾಮ್ಸಿಂಗ್: ಒಣಮೀನು ಕುಟ್ಟಿ ಬಿದಿರಲ್ಲಿ ತುಂಬಿ
ತಿಂಗಳುಗಟ್ಟಲೆ ಕಾಯಿಸಿದ್ದು.
ವಾಸನೆ ಮೊದಲು ಬಂತು, ಹುಡುಗ ಆಮೇಲೆ.
ಸೆರಗುಗಳು ಮೂಗಿಗೆ ಹೋದವು.
ತರುಲತಾ ತಟ್ಟೆಯಲ್ಲಿ ಕಣ್ಣಿಟ್ಟು ಕೂತಳು.
ಬೇಡವೆಂದಿದ್ದೆ, ಎಂದು ಅವಳಪ್ಪ ಹೆಂಡತಿಗೆ
ಅವರ ಭಾಷೆಯಲ್ಲಿ ಗೊಣಗಿದ್ದು
ಭಾಷೆ ಬಾರದ ನನಗೂ ಅರ್ಥವಾಯಿತು.

ನಮ್ಮಪ್ಪ ಯಾರನ್ನೂ ಕೇಳಲಿಲ್ಲ.
ಚಿಟಿಕೆಯಷ್ಟು ತೆಗೆದು, ಬಿಸಿ ಅನ್ನಕ್ಕೆ ಕಲೆಸಿ, ನುಂಗಿ,
"ಕೆಸುವಿನ ದಂಟು ಸ್ವಲ್ಪ ಕಡಿಮೆಯಾಯಿತು" ಎಂದ.

ಹನ್ನೆರಡು ಕೈಗಳು ಅನ್ನದಲ್ಲೇ ನಿಂತವು.

"ನಿಮಗೆ ಹೇಗೆ ಗೊತ್ತು?" ಅಮ್ಮ.
ವಿದ್ಯುತ್ ಮಂಡಳಿಯ ಕಿರಿಯ ಇಂಜಿನಿಯರ್,
ಎಂಬತ್ತೆಂಟರ ನೆರೆ, ಕಂಬಗಳೆಲ್ಲ ಮಲಗಿದ್ದವು.
ಕಾಲುಗಳ ಮೇಲೆ ನಿಂತ ಬಿದಿರಮನೆಯೊಂದರಲ್ಲಿ
ಹತ್ತೊಂಬತ್ತು ದಿನ. ಕೆಳಗೆ ನೀರು, ನೀರಲ್ಲಿ ಹಂದಿ, ಹಾವು, ಬಾಗಿಲು.
ಉಪ್ಪೂ ಮುಗಿದಿತ್ತು, ಇದೊಂದಿತ್ತು.
ಬಡಿಸಿದವಳ ಹೆಸರು ಮರೆತಿದೆ. ಎಡಗೈಗೆ
ನಾಲ್ಕೇ ಬೆರಳಿದ್ದವು.

"ಮೂವತ್ತೊಂದು ವರ್ಷ ನನಗೆ ಹೇಳಲಿಲ್ಲ."
"ಆಗ ಅಮ್ಮ ಇದ್ದಳಲ್ಲ,
ಆಮೇಲೆ ನೀನಿದ್ದೆ."

ಕಾಡುಸೇಬಿನ ಹುಳಿ, ಮೀನಿನ ತುಂಡು ತೇಲುತ್ತ ಬಂತು.
ಅಮ್ಮ ಚಮಚ ಮುಟ್ಟಲಿಲ್ಲ. ಬಟ್ಟಲೆತ್ತಿ
ಗಟಗಟ ಕುಡಿದಳು. ಕಣ್ಣಲ್ಲಿ ನೀರು:
ಹುಳಿಗೆ, ಎಂದಳು.

ಬಿಲ್ಲಿಗೆ ಇಬ್ಬರು ಅಪ್ಪಂದಿರೂ ಜಗಳಾಡಿದರು.
ಅಷ್ಟರಲ್ಲಿ ಮೊಫಿದುಲ್ ಕೊಟ್ಟುಬಿಟ್ಟಿದ್ದ,
ಈಗಲೂ ಹಣ ತೆಗೆದುಕೊಂಡಿಲ್ಲ.
ಹೊರಡುವಾಗ ತರುಲತಾಳ ಅಮ್ಮ
ಸೀರೆಯ ಡಬ್ಬಿಯಿಂದ, ಸೀರೆಯ ಅಡಿಯಿಂದ,
ಬಿದಿರ ಕೊಳವೆಯೊಂದು ತೆಗೆದು
ಕೊಡಲೋ ಬೇಡವೋ ಎಂದು ಹಿಡಿದೇ ನಿಂತರು.
ಅಮ್ಮ ತನ್ನ ಬ್ಯಾಗಿನ ಜಿಪ್ಪು ತೆರೆದಳು.
ದಾರಿಯುದ್ದಕ್ಕೂ ಕಾರಿನ ನಾಲ್ಕು ಗಾಜೂ ಕೆಳಗೆ.

ಅಡುಗೆಮನೆಗೆ ಸೇರಿಸಲಿಲ್ಲ, ಅಷ್ಟು ಬೇಗ ಹೇಗೆ ಸೇರಿಸುತ್ತಾಳೆ!
ಬಾಲ್ಕನಿಯಲ್ಲಿ, ಇನ್ವರ್ಟರ್ ಬ್ಯಾಟರಿಯ ಹಿಂದೆ.
ವಾರದಲ್ಲಿ ಅರ್ಧ ಖಾಲಿ.
ಬೆಕ್ಕು, ಎಂದ ಅಪ್ಪ.
ಇರಬಹುದು, ಎಂದಳು ಅಮ್ಮ.
ಬಿರಡೆ ಬಿಗಿಯಾಗಿಯೇ ಇತ್ತು.
ಪಕ್ಕದಲ್ಲಿ ತೊಳೆದಿಟ್ಟ ಚಮಚ,
ಎರಡು.